ತಾಯಿ ಫ್ಲಾಸ್ಕು ಮತ್ತು ತಮ್ಮನ ಕೈ

ನನ್ನ ತಮ್ಮನ ಬಲಗೈ ಕೆಲಸ ಮಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೈ ಬರುತ್ತದೋ ಇಲ್ಲವೋ ಎಂದು ಓದುವವರನ್ನು ಕೊನೆಯ ತನಕ ಕಾಯಿಸುವ ಬರವಣಿಗೆ ನನಗೆ ಹಿಡಿಸುವುದಿಲ್ಲ. ಕಾಯುವುದೆಂದರೆ ಏನೆಂದು ನನಗೆ ಬೇಕಾದಷ್ಟು ಗೊತ್ತಾಗಿದೆ. ನಾನು ಹೇಳಬೇಕಾದದ್ದು ಬೇರೆ. ಆ ಕೈಗೆ ಬೇಕಾಗಿದ್ದ ವಸ್ತುವನ್ನು ತಯಾರಿಸುವುದೇ ನನ್ನ ಉದ್ಯೋಗವಾಗಿತ್ತು. ಈಗಲೂ ಅದೇ ಉದ್ಯೋಗ.

ತಮ್ಮ ಉಡುಪಿ–ಕಾರ್ಕಳ ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ನಮ್ಮ ಕಡೆಯ ಬಸ್ಸುಗಳ ಗತ್ತು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಒಂದರ ಬೆನ್ನಿಗೇ ಇನ್ನೊಂದು ಹೊರಡುತ್ತದೆ, ಮುಂದಿನ ಸ್ಟಾಪಿನಲ್ಲಿ ನಿಂತ ಜನ ಮೊದಲು ಬಂದವನಿಗೆ ಸಿಗುತ್ತಾರೆ. ಹಾಗಾಗಿ ಕಂಡಕ್ಟರ್ ಎಂಬವನು ಬಸ್ಸಿನ ಒಳಗೆ ಇರುವುದೇ ಕಡಿಮೆ. ಫುಟ್‌ಬೋರ್ಡಿನ ಮೇಲೆ ಒಂದು ಕಾಲು, ಕಿಟಕಿಯ ಸರಳಿನಲ್ಲಿ ಬಲಗೈ, ಉಳಿದ ದೇಹವೆಲ್ಲ ರಸ್ತೆಯ ಮೇಲೆ. ಹಾಗೆ ನೇತಾಡಿಕೊಂಡೇ ಮಣಿಪಾಲ, ಪರ್ಕಳ, ಹಿರಿಯಡ್ಕ, ಕಾರ್ಕಳ ಎಂದು ಕೂಗಬೇಕು, ಬಸ್ಸು ನಿಲ್ಲುವ ಮೊದಲೇ ಹಾರಬೇಕು, ಹೊರಟ ಮೇಲೆ ಹತ್ತಬೇಕು. ಒಳಗೆ ನಿಂತು ಮರ್ಯಾದೆಯಿಂದ ಟಿಕೆಟ್ ಕೊಡುವವನನ್ನು ಉಳಿದ ಕಂಡಕ್ಟರುಗಳು "ಎಂತ, ಮದುವೆಗೆ ಬಂದದ್ದಾ?" ಎಂದು ಗೇಲಿ ಮಾಡುತ್ತಾರೆ. ನನ್ನ ತಮ್ಮನಿಗೆ ಈ ನೇತಾಡುವುದು ಎಷ್ಟು ಅಭ್ಯಾಸವಾಗಿತ್ತೆಂದರೆ, ಕಾಪುವಿನ ನಮ್ಮ ಮನೆಯಲ್ಲೂ ಬಾಗಿಲ ಚೌಕಟ್ಟು ಹಿಡಿದು ಅರ್ಧ ಹೊರಗೆ ನಿಂತೇ ಅಮ್ಮನ ಹತ್ತಿರ ಮಾತಾಡುತ್ತಿದ್ದ.

ನಾನು ಪರ್ಕಳದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಇರುತ್ತೇನೆ. ಕೆಲಸ ಮಣಿಪಾಲದ ಆಚೆ, ಕಾರ್ಖಾನೆಗಳ ನಡುವೆ ಇರುವ, ಜೀವಕೋಶ ಬೆಳೆಸುವ ಒಂದು ಕಂಪನಿಯಲ್ಲಿ. ಹೆಸರು ಬೇಡ. ಬೆಳಿಗ್ಗೆ ಸಾಧಾರಣ ತಮ್ಮನ ಬಸ್ಸಿಗೇ ಹತ್ತುತ್ತಿದ್ದೆ. ನಾನು ಇಳಿಯುವ ಜಾಗ ಬಂದಾಗ ಅವನು ಇಡೀ ಬಸ್ಸಿಗೆ ಕೇಳುವ ಹಾಗೆ "ಕೋಶ ಸಾಕುವವರು ಇಳಿಯಿರಿ" ಎಂದು ಕೂಗುವನು. ಜನ ನನ್ನತ್ತ ತಿರುಗಿ ನೋಡುವರು. ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ಈಗ ನೆನೆಸಿಕೊಂಡರೆ ಅದು ಎಂಥ ಸುಖದ ಸಿಟ್ಟು ಅನಿಸುತ್ತದೆ.

ಮಳೆಗಾಲದ ಒಂದು ಮಧ್ಯಾಹ್ನ ಹಿರಿಯಡ್ಕಕ್ಕಿಂತ ಸ್ವಲ್ಪ ಮೊದಲು ಹಿಂದಿನ ಬಸ್ಸು ಓವರ್‌ಟೇಕ್ ಮಾಡಲು ನುಗ್ಗಿತು. ತಮ್ಮನ ಡ್ರೈವರ್ ದಾರಿ ಬಿಡಲಿಲ್ಲ, ಆಮೇಲೆ ಎದುರಿಗೆ ಲಾರಿ ಕಂಡು ಬ್ರೇಕು ತುಳಿದ. ಫುಟ್‌ಬೋರ್ಡು ಒದ್ದೆಯಾಗಿತ್ತು. ತಮ್ಮನ ಕಾಲು ಜಾರಿತು, ಬಲಗೈ ಮಾತ್ರ ಕಿಟಕಿಯ ಸರಳುಗಳ ನಡುವೆ ಸಿಕ್ಕಿಹಾಕಿಕೊಂಡಿತು. ಬಸ್ಸು ನಿಲ್ಲುವ ತನಕ ಅವನ ಇಡೀ ಭಾರ ಆ ಒಂದು ಕೈಯ ಮೇಲಿತ್ತು. ಎಲುಬು ಮುರಿಯಿತು. ಮೊಣಕೈಯ ಮೇಲೆ, ಅಂಗೈಗೆ ಹೋಗುವ ನರ ಹರಿಯಿತು. ಎಲುಬು ಕೂಡಿಕೊಂಡಿತು. ಎಲುಬಿಗೆ ಅಷ್ಟು ಬುದ್ಧಿ ಉಂಟು.

ಮಣಿಪಾಲದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದ ಡಾಕ್ಟರಮ್ಮ ಒಳ್ಳೆಯವರು. ನನ್ನ ಸಿಟ್ಟಿನ ಪಟ್ಟಿಯಲ್ಲಿ ಅವರಿಲ್ಲ. ಅವರು ತಮ್ಮನ ಕೈಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಅಮ್ಮನಿಗೆ ಅರ್ಥವಾಗುವ ಹಾಗೆ ವಿವರಿಸಿದರು.

"ನರ ಅಂದ್ರೆ ವಯರ್ ಅಲ್ಲಮ್ಮ, ತುಂಡು ಜೋಡಿಸಿದ ಕೂಡ್ಲೇ ಕರೆಂಟು ಬರ್ಲಿಕ್ಕೆ. ಅದು ಬಳ್ಳಿಯ ಹಾಗೆ. ಮೇಲಿನ ತುದಿಯಿಂದ ಹೊಸದಾಗಿ ಚಿಗುರಿ ಕೆಳಗೆ ಬೆರಳಿನ ತನಕ ಬರ್ಬೇಕು. ದಿನಕ್ಕೆ ಒಂದು ಸಾಸಿವೆಯಷ್ಟು ಬರ್ತದೆ, ಅಷ್ಟೇ. ಮಧ್ಯದಲ್ಲಿ ಆಧಾರ ಇಲ್ಲದಿದ್ರೆ ದಾರಿ ತಪ್ತದೆ."

"ಬರುವಾಗ ಬರ್ಲಿ," ಎಂದಳು ಅಮ್ಮ. "ನಮಗೇನು ಅರ್ಜೆಂಟಿಲ್ಲ."

"ಅರ್ಜೆಂಟು ಉಂಟು," ಎಂದರು ಡಾಕ್ಟರಮ್ಮ. "ನರ ಇಲ್ಲದ ಮಾಂಸಖಂಡ ಹೆಚ್ಚು ದಿನ ಕಾಯುವುದಿಲ್ಲ. ಒಂದು, ಒಂದೂವರೆ ವರ್ಷ. ಆಮೇಲೆ ನರ ಬಂದ್ರೂ ಅಲ್ಲಿ ಅದನ್ನು ತೆಗೊಳ್ಳುವವರು ಯಾರೂ ಇರುವುದಿಲ್ಲ."

ಮೊದಲು ಕಾಲಿನಿಂದ ಒಂದು ನರ ತೆಗೆದು ಕಸಿ ಮಾಡಿದರು. ಅದು ಹಿಡಿಯಲಿಲ್ಲ. ಯಾರ ತಪ್ಪೂ ಅಲ್ಲ, ಕೆಲವೊಮ್ಮೆ ಹಿಡಿಯುವುದಿಲ್ಲ. ಆಗ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಕಂಪನಿಯದ್ದೇ ಉಂಟಲ್ಲ, ಅದು ರೆಡಿಯಾದ್ರೆ ಅದರ ಪ್ರಯೋಗಕ್ಕೆ ನಿಮ್ಮ ತಮ್ಮನನ್ನು ಸೇರಿಸ್ಬಹುದು. ಅವನ ಕೇಸು ಸರಿಯಾಗಿ ಅದಕ್ಕೆ ಹೇಳಿ ಮಾಡಿಸಿದ ಹಾಗೆ ಉಂಟು," ಎಂದರು. ಇಷ್ಟು ವರ್ಷ ನಾನು ಗಾಜಿನ ಹಿಂದೆ ಕೂತು ಸಾಕಿದ ಕೋಶಗಳಿಗೆ ಮೊದಲ ಬಾರಿಗೆ ಒಂದು ವಿಳಾಸ ಸಿಕ್ಕಿತ್ತು. ಅದು ನಮ್ಮ ಮನೆಯ ವಿಳಾಸವಾಗಿತ್ತು.

ಆ ಕೋಶಗಳ ಬಗ್ಗೆ ಸ್ವಲ್ಪ ಹೇಳಬೇಕು. ದೇಹದಲ್ಲಿ ಪ್ರತಿಯೊಂದು ನರದ ಪಕ್ಕದಲ್ಲೂ ಅದನ್ನು ಸುತ್ತಿಕೊಂಡು, ಉಣಿಸಿಕೊಂಡು, ಹರಿದರೆ ಮತ್ತೆ ದಾರಿ ತೋರಿಸಿಕೊಂಡು ಇರುವ ಕೋಶಗಳುಂಟು. ಆಧಾರ ಕೋಶ ಎನ್ನೋಣ. ಹರಿದ ನರದ ನಡುವಿನ ಖಾಲಿ ಜಾಗದಲ್ಲಿ ಅವು ಇರುವುದಿಲ್ಲ. ಒಂದು ಸಣ್ಣ ಕೊಳವೆಯಲ್ಲಿ ಇವನ್ನು ತುಂಬಿ ಆ ಖಾಲಿ ಜಾಗದಲ್ಲಿ ಕೂರಿಸಿದರೆ, ನರ ಅದರ ಒಳಗಿಂದ ದಾರಿ ಹಿಡಿದು ಬರುತ್ತದೆ ಎಂಬುದು ನಮ್ಮ ನಂಬಿಕೆ. ಈ ಆಧಾರ ಕೋಶಗಳನ್ನು ನಾವು ಕಾಂಡಕೋಶಗಳಿಂದ ಮಾಡುತ್ತೇವೆ. ಕಾಂಡಕೋಶಕ್ಕೆ ತಾನು ಏನಾಗಬೇಕೆಂದು ಇನ್ನೂ ನಿಶ್ಚಯವಾಗಿರುವುದಿಲ್ಲ. ವಾರಗಟ್ಟಲೆ ಬೇರೆ ಬೇರೆ ಆಹಾರ ಕೊಟ್ಟು ಅದನ್ನು ಒಂದು ದಾರಿಗೆ ತರಬೇಕು. ಸರಿಯಾಗಿ ಬಂದರೆ ಸೂಕ್ಷ್ಮದರ್ಶಕದ ಕೆಳಗೆ ಜೀರಿಗೆ ಕಾಳಿನ ಹಾಗೆ ಸಪೂರ, ಎರಡು ಕಡೆ ಚೂಪಾಗಿ, ಒಂದರ ಪಕ್ಕ ಒಂದು ಸಾಲಾಗಿ ಮಲಗಿರುತ್ತವೆ. ದಾರಿ ತಪ್ಪಿದವು ದೋಸೆ ಹಿಟ್ಟಿನ ಹಾಗೆ ಅಗಲಕ್ಕೆ ಹರಡಿಕೊಳ್ಳುತ್ತವೆ. ನನಗೆ ಒಂದು ನೋಟ ಸಾಕಾಗುತ್ತಿತ್ತು.

ಡಿಶ್ಶು ಎಂಬ ಸಣ್ಣ ತಟ್ಟೆಗಳಲ್ಲಿ ಬೆಳೆಸಿದ ನಮ್ಮ ಕೋಶಗಳು ಇಲಿಗಳಲ್ಲಿ ಕೆಲಸ ಮಾಡಿದ್ದವು. ಎಳೆದುಕೊಂಡು ಹೋಗುತ್ತಿದ್ದ ಹಿಂಗಾಲನ್ನು ಇಲಿ ಊರುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೆ ಇಲಿಯ ಕಾಲು ಎಷ್ಟು, ಬಸ್ ಕಂಡಕ್ಟರನ ಕೈ ಎಷ್ಟು. ಒಬ್ಬ ಮನುಷ್ಯನಿಗೆ ಬೇಕಾದಷ್ಟು ಕೋಶ, ಅದರ ಜೊತೆ ಪರೀಕ್ಷೆಗಳಿಗೆ ಬೇಕಾದಷ್ಟು, ಕಾಪಿಡಲು ಬೇಕಾದಷ್ಟು, ಎಲ್ಲವೂ ಒಂದೇ ಸಲ, ಒಂದೇ ಗುಣದವು ತಯಾರಾಗಬೇಕು. ಇಲ್ಲವಾದರೆ ಮನುಷ್ಯರಿಗೆ ಹಾಕಲು ಅನುಮತಿ ಇಲ್ಲ. ಡಿಶ್ಶಿನಲ್ಲಿ ಆಗುವ ಕೆಲಸವಲ್ಲ ಅದು. ಹಾಗಾಗಿ ಕಂಪನಿಗೆ ಕೋಶ ಬೆಳೆಸುವ ದೊಡ್ಡ ಟ್ಯಾಂಕು ಬಂತು.

ಟ್ಯಾಂಕಿನ ಜೊತೆ ನಮ್ಮ ಉತ್ಪಾದನಾ ಮುಖ್ಯಸ್ಥರೂ ಬಂದರು. ಮೃದುವಾಗಿ ಮಾತಾಡುವ ಮನುಷ್ಯ. ಕೂಗಾಡುವವರಾಗಿದ್ದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ನನಗೆ ಸುಲಭವಾಗುತ್ತಿತ್ತು. ನವರಾತ್ರಿಯ ಆಯುಧಪೂಜೆಗೆ ಆ ಟ್ಯಾಂಕಿಗೆ ಪೂಜೆ ಆಗಬೇಕೆಂದು ಅವರೇ ಹೇಳಿದರು. ಆದರೆ ಟ್ಯಾಂಕು ಇರುವ ಕೋಣೆಗೆ ಒಂದು ಧೂಳಿನ ಕಣ ಹೋಗುವ ಹಾಗಿಲ್ಲ; ನಾವೇ ಮೈತುಂಬ ಬಿಳಿ ಉಡುಪು ಹಾಕಿ, ಕಣ್ಣು ಮಾತ್ರ ಬಿಟ್ಟು ಒಳಗೆ ಹೋಗುವುದು. ಕೊನೆಗೆ ಗಾಜಿನ ಈಚೆ, ಕಾರಿಡಾರಿನಲ್ಲಿ, ಗೋಡೆಗೆ ಇದ್ದ ಸ್ವಿಚ್ ಬೋರ್ಡಿಗೆ ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಿ, ಹೊರಗೆ ಗೇಟಿನ ಹತ್ತಿರ ತೆಂಗಿನಕಾಯಿ ಒಡೆದೆವು. ನಾನು ಕೈ ಮುಗಿದೆ. ದೇವರಿಗೆ ಮುಗಿದೆನೋ ಸ್ವಿಚ್ಚಿಗೆ ಮುಗಿದೆನೋ ಗೊತ್ತಿಲ್ಲ, ಬೇಡಿಕೊಂಡದ್ದು ಮಾತ್ರ ಕೈ.

ಇನ್ನು ನಮ್ಮ ಲ್ಯಾಬಿನ ಒಂದು ರೂಢಿ. ಟ್ಯಾಂಕಿಗೆ ಬೀಜ ಹಾಕಲು ಮೊದಲು ಫ್ಲಾಸ್ಕು ಎಂಬ ಚಪ್ಪಟೆ ಬಾಟಲಿಗಳಲ್ಲಿ ಕೋಶಗಳನ್ನು ಹೆಚ್ಚಿಸಬೇಕು. ಫ್ಲಾಸ್ಕು ತುಂಬಿದಾಗ ಬಿಡಿಸಿ ಹೊಸ ಫ್ಲಾಸ್ಕುಗಳಿಗೆ ಹಂಚುವುದು, ಅವು ತುಂಬಿದಾಗ ಮತ್ತೆ ಹಂಚುವುದು. ಹಂಚುವ ದಿನ ನಾವೆಲ್ಲ ಒಟ್ಟಾಗಿ ಫ್ಲಾಸ್ಕುಗಳನ್ನು ಸಾಲಾಗಿ ಇಟ್ಟು ನೋಡುತ್ತಿದ್ದೆವು. ಒಂದಕ್ಕೊಂದು ಒತ್ತಿಕೊಂಡ ಕೋಶಗಳ ಆಕಾರ ಆಗ ತಿಳಿಯುತ್ತಿರಲಿಲ್ಲ, ಎಷ್ಟು ತುಂಬಿದೆ ಎಂದಷ್ಟೇ ನೋಡುವುದು. ಯಾವುದು ಎಲ್ಲಕ್ಕಿಂತ ಹೆಚ್ಚು ತುಂಬಿದೆಯೋ ಅದರ ಮೇಲೆ ಮಾರ್ಕರಿನಲ್ಲಿ ‘ತಾಯಿ’ ಎಂದು ಬರೆಯುವುದು. ಮುಂದಿನ ಸುತ್ತಿನ ಬೀಜ ಅದರಿಂದ. ಹಿಂದೆ ಬಿದ್ದ ಫ್ಲಾಸ್ಕುಗಳಿಗೆ ಬ್ಲೀಚು ಹಾಕಿ ಸಿಂಕಿಗೆ ಸುರಿಯುವುದು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಪ್ರಶ್ನಿಸಿಯೂ ಇರಲಿಲ್ಲ. ಸಣ್ಣ ಡಿಶ್ಶುಗಳ ಕಾಲದಿಂದ ಬಂದದ್ದು. ಆಗ ಎರಡು ಮೂರು ಸುತ್ತಿಗೆ ಕೆಲಸ ಮುಗಿಯುತ್ತಿತ್ತು, ಏನೂ ಕೆಡುತ್ತಿರಲಿಲ್ಲ. ಟ್ಯಾಂಕಿಗಾಗಿ ಸುತ್ತಿನ ಮೇಲೆ ಸುತ್ತು ಹಾಕಬೇಕಾಯಿತು.

ಕೋಶಗಳು ಹೇಗೆ ಬೆಳೆದವು ಎಂದರೆ, ನಮಗೇ ನಂಬಿಕೆ ಬರಲಿಲ್ಲ. ಪ್ರತಿ ಸುತ್ತೂ ಹಿಂದಿನದಕ್ಕಿಂತ ಬೇಗ. ಮುಖ್ಯಸ್ಥರು ಬಿಳಿ ಬೋರ್ಡಿನ ಮೇಲೆ ಗೆರೆ ಎಳೆದರೆ ಅದು ಮೇಲಕ್ಕೇ ಹೋಗುತ್ತಿತ್ತು. ಬೆಳಿಗ್ಗೆ ಬಂದವರು ಕೋಟು ಹಾಕುವ ಮೊದಲು ಆ ಗೆರೆ ನೋಡುತ್ತಿದ್ದರು. ನನಗಂತೂ ಅದು ಜಾತಕದ ಹಾಗಾಗಿತ್ತು. ತಮ್ಮನ ಅಪಘಾತವಾಗಿ ಆಗಲೇ ವರ್ಷದ ಹತ್ತಿರ ಬಂದಿತ್ತು, ಆದರೆ ಈ ವೇಗದಲ್ಲಿ ಹೋದರೆ ಮಾಂಸಖಂಡ ಸಾಯುವ ಮೊದಲು ನರ ಮುಂಗೈಯನ್ನಾದರೂ ಮುಟ್ಟುತ್ತದೆ ಎಂದು ಲೆಕ್ಕ ಹಾಕಿದ್ದೆ. ಭಾನುವಾರ ಕಾಪುವಿಗೆ ಹೋದಾಗ ಅಮ್ಮನಿಗೂ ತಮ್ಮನಿಗೂ ಹೇಳಿದೆ, "ಭಾರಿ ಒಳ್ಳೆ ಬೆಳೀತಾ ಉಂಟು."

"ಅಕ್ಕ ನನ್ನ ಕೈಗೆ ಗೊಬ್ಬರ ಹಾಕ್ತಾ ಇದ್ದಾಳೆ," ಎಂದು ತಮ್ಮ ನೆರೆಮನೆಯವನಿಗೆ ಹೇಳಿ ನಕ್ಕ.

ಟ್ಯಾಂಕಿನಲ್ಲಿ ಕೋಶಗಳು ರವೆಯಂಥ ಸಣ್ಣ ಮಣಿಗಳಿಗೆ ಅಂಟಿಕೊಂಡು ಬೆಳೆಯುತ್ತವೆ. ಒಳಗೆ ಫ್ಯಾನಿನ ರೆಕ್ಕೆಯಂಥದ್ದೊಂದು ನಿಧಾನವಾಗಿ ತಿರುಗುತ್ತ ಅವನ್ನು ತೇಲಿಸಿಕೊಂಡಿರುತ್ತದೆ. ದುಂಡಗಿನ ಮಣಿಯ ಮೇಲೆ ಅಂಟಿದ ಕೋಶ ಜೀರಿಗೆಯೋ ದೋಸೆಯೋ ಎಂದು ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ. ಯಂತ್ರ ಎಣಿಸಿ ಸಂಖ್ಯೆ ಕೊಡುತ್ತದೆ, ಅಷ್ಟೇ. ಅವು ನಿಜಕ್ಕೂ ಆಧಾರ ಕೋಶಗಳೇ ಹೌದೋ ಎಂದು ತಿಳಿಯಬೇಕಾದರೆ ಬಣ್ಣ ಹಾಕಿ ಗುರುತು ಪರೀಕ್ಷೆ ಮಾಡಬೇಕು. ಅದಕ್ಕೆ ಕೋಶಗಳನ್ನು ಬಲಿ ಕೊಡಬೇಕು, ದಿನಗಳೂ ಹೋಗುತ್ತವೆ. ಮಧ್ಯದಲ್ಲಿ ಒಮ್ಮೆ ಮಾಡಿ ನೋಡುವ ಮಾತು ಬಂದಾಗ ಮುಖ್ಯಸ್ಥರು, "ಕೊನೆಗೆ ಹೇಗೂ ಮಾಡ್ಲಿಕ್ಕುಂಟಲ್ಲ. ಈಗ ಒಳ್ಳೆ ಓಡ್ತಾ ಇರುವಾಗ ಯಾಕೆ ಬ್ರೇಕು?" ಎಂದರು. ಎಲ್ಲರೂ ತಲೆ ಆಡಿಸಿದರು. ಆಡಿಸಿದ ತಲೆಗಳಲ್ಲಿ ನನ್ನದೂ ಒಂದು. ಬ್ರೇಕು ಎಂದರೆ ನನಗೂ ಆಗ ಭಯ.

ಬೇಕಾದ ಸಂಖ್ಯೆ ಮುಟ್ಟಿದ ದಿನ ಉಡುಪಿಯಿಂದ ಕೇಕು ತರಿಸಿದರು. ಟ್ಯಾಂಕಿನ ಮುಂದೆ, ಅಂದರೆ ಗಾಜಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಮುಖ್ಯಸ್ಥರು ನನ್ನ ಬೆನ್ನು ತಟ್ಟಿ, "ತಮ್ಮನಿಗೆ ಫೋನ್ ಮಾಡಿ ಹೇಳಿ," ಎಂದರು. ನಾನು ಮಾಡಿದೆ.

ಗುರುತು ಪರೀಕ್ಷೆಯ ಫಲಿತಾಂಶ ಆಮೇಲೆ ಬಂತು. ಟ್ಯಾಂಕಿನಲ್ಲಿ ತುಂಬಿ ತುಳುಕುತ್ತಿದ್ದ ಕೋಶಗಳಲ್ಲಿ ಆಧಾರ ಕೋಶಗಳು ಹುಡುಕಿದರೆ ಸಿಗುವಷ್ಟು ಮಾತ್ರ ಇದ್ದವು. ಉಳಿದದ್ದೆಲ್ಲ ದೋಸೆ ಹಿಟ್ಟು.

ಆದದ್ದು ಇಷ್ಟೇ. ಯಾವ ಫ್ಲಾಸ್ಕಿನಲ್ಲೂ ದಾರಿ ತಪ್ಪಿದ ಕೋಶಗಳು ಸ್ವಲ್ಪ ಇದ್ದೇ ಇರುತ್ತವೆ. ನಿಜವಾದ ಆಧಾರ ಕೋಶಕ್ಕೆ ಹೆಚ್ಚುವ ಹಂಬಲವಿಲ್ಲ. ಅದು ನರದ ಪಕ್ಕ ಮಲಗಿ ತನ್ನ ಕೆಲಸ ಮಾಡಿಕೊಂಡಿರುವ ಜಾತಿ, ನಿಧಾನ. ದಾರಿ ತಪ್ಪಿದ್ದಕ್ಕೆ ಬೇರೆ ಕೆಲಸವೇ ಇಲ್ಲ, ಹೆಚ್ಚುವುದೊಂದೇ. ನಾವು ಪ್ರತಿ ಸುತ್ತಿನಲ್ಲೂ ಹೆಚ್ಚು ತುಂಬಿದ ಫ್ಲಾಸ್ಕು ಯಾವುದೆಂದು ಹುಡುಕಿ ಅದಕ್ಕೇ ತಾಯಿ ಎಂದು ಹೆಸರಿಟ್ಟೆವು, ನಿಧಾನವಾದದ್ದಕ್ಕೆ ಬ್ಲೀಚು ಸುರಿದೆವು. ತೋಟದಲ್ಲಿ ಯಾವುದು ಹುಲುಸಾಗಿ ಬೆಳೆಯುತ್ತದೋ ಅದನ್ನು ಉಳಿಸಿ ಉಳಿದದ್ದನ್ನು ಕಿತ್ತರೆ ಕೊನೆಗೆ ಕಳೆ ಮಾತ್ರ ಉಳಿಯುತ್ತದೆ ಎಂದು ಕೃಷಿ ಮಾಡುವ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಾವು ಕೃಷಿಯವರಲ್ಲ, ಡಿಗ್ರಿಯವರು. ನನ್ನ ತಮ್ಮನ ಕೈಗೆ ಬೇಕಾದ ಕೋಶಗಳನ್ನು ಸುತ್ತು ಸುತ್ತಿಗೂ ಆರಿಸಿ ಆರಿಸಿ ಸಿಂಕಿಗೆ ಹಾಕಿದ್ದೆವು, ಅದೂ ಎಷ್ಟು ಶುಚಿಯಾಗಿ, ಕೈಗೆ ಗ್ಲೌಸು ಹಾಕಿಕೊಂಡು.

ಮೀಟಿಂಗಿನಲ್ಲಿ ಮುಖ್ಯಸ್ಥರು ಇದನ್ನು ‘ಕಲಿಕೆ’ ಎಂದರು. ಒಳ್ಳೆಯ ಕಲಿಕೆಯಾಯಿತು, ಮುಂದಿನ ಸಲ ಹೀಗಾಗುವುದಿಲ್ಲ, ಪ್ರತಿ ಸುತ್ತಿನಲ್ಲೂ ಗುರುತು ಪರೀಕ್ಷೆ ಮಾಡೋಣ ಎಂದರು. ನನಗೆ ಮೈಯೆಲ್ಲ ಉರಿಯಿತು. ಕಲಿಯಲಿಕ್ಕೆ ಅವರಿಗೆ ಇನ್ನೊಂದು ಬ್ಯಾಚು ಉಂಟು, ಅದು ಹೋದರೆ ಮತ್ತೊಂದು. ಕೋಶದ ಬೀಜ ಬೇಕಾದಷ್ಟು ಫ್ರೀಜರಿನಲ್ಲಿ ಮಲಗಿರುತ್ತದೆ. ಮಾಂಸಖಂಡವನ್ನು ಹಾಗೆ ಫ್ರೀಜರಿನಲ್ಲಿ ಇಡಲಿಕ್ಕೆ ಬರುವುದಿಲ್ಲ. ಇದನ್ನು ಅಲ್ಲೇ ಹೇಳಿದೆ. ಆಮೇಲೆ ಯಾರೋ ಮುಂದಿನ ವಿಷಯಕ್ಕೆ ಹೋದರು.

ಮತ್ತೆ ಮೊದಲಿನಿಂದ ಶುರುವಾಯಿತು. ಫ್ರೀಜರಿನಿಂದ ಕಾಂಡಕೋಶ ತೆಗೆದು, ಕರಗಿಸಿ, ವಾರಗಟ್ಟಲೆ ಉಣಿಸಿ ದಾರಿಗೆ ತರುವುದು. ಈ ಸಲ ತುಂಬಿದ ಫ್ಲಾಸ್ಕು ಕಂಡರೆ ನಾವು ಕಳ್ಳನನ್ನು ಕಂಡ ಹಾಗೆ ನೋಡುತ್ತಿದ್ದೆವು. ನಿಧಾನದವನ್ನು ಉಳಿಸಿದೆವು. ನಿಧಾನದವು ನಿಧಾನವಾಗಿಯೇ ಬೆಳೆದವು. ಬೋರ್ಡಿನ ಗೆರೆ ನೆಲದಲ್ಲೇ ತೆವಳಿತು. ನಾನು ದಿನಾ ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಸಾಲಾಗಿ ಮಲಗಿದ ಆ ಸಪೂರ ಚಂದದ ಕೋಶಗಳನ್ನು ನೋಡಿ ಹಲ್ಲು ಕಡಿಯುತ್ತಿದ್ದೆ. ಅವು ಇರಬೇಕಾದ ಹಾಗೆಯೇ ಇದ್ದವು. ಅದೇ ನನಗೆ ಸಹಿಸಲಿಕ್ಕೆ ಆಗುತ್ತಿರಲಿಲ್ಲ.

ಅತ್ತ ತಮ್ಮನ ಕೈ ಸಣಕಲಾಗುತ್ತ ಬಂತು. ಅವನನ್ನು ಬಸ್ಸಿನ ಮಾಲಕರು ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಮಾಡಿದ್ದರು. ಯಾವ ಬಸ್ಸು ಯಾವಾಗ ಹೊರಡಬೇಕೆಂದು ನೋಡಿ ಸೀಟಿ ಊದುವ ಕೆಲಸ. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿ ನಿಲ್ಲುತ್ತಿದ್ದ, ದೂರದಿಂದ ನೋಡಿದರೆ ಯಾರೋ ಶೋಕಿ ಮಾಡುವವನ ಹಾಗೆ. ಒಂದು ದಿನ ಹೊರಡಲು ನಿಂತಿದ್ದ ಬಸ್ಸಿನ ಎಂಜಿನ್ ಮುಚ್ಚಳಕ್ಕೆ ಒರಗಿ ಡ್ರೈವರನ ಹತ್ತಿರ ಮಾತಾಡುತ್ತಿದ್ದನಂತೆ. ಡ್ರೈವರನಿಗೆ ವಾಸನೆ ಬಂದ ಮೇಲೆಯೇ ಗೊತ್ತಾದದ್ದು, ತಮ್ಮನ ಅಂಗೈ ಬಿಸಿ ಕಬ್ಬಿಣದ ಮೇಲೆ ಇದೆ ಎಂದು. ಅಮ್ಮ ಗಾಯಕ್ಕೆ ಮುಲಾಮು ಹಚ್ಚುತ್ತ ಅತ್ತಳು. ತಮ್ಮ, "ನನಗೇ ನೋಯುವುದಿಲ್ಲ, ನಿಮಗೆ ಎಂತಕ್ಕೆ?" ಎಂದ. ಅಮ್ಮ ಆ ಮಾತಿಗೆ ಇನ್ನಷ್ಟು ಅತ್ತಳು.

ಅಷ್ಟರಲ್ಲಿ ಒಂದೂವರೆ ವರ್ಷ ಹತ್ತಿರ ಬಂತು. ನಮ್ಮ ಎರಡನೇ ಬ್ಯಾಚು ಇನ್ನೂ ಟ್ಯಾಂಕು ಹತ್ತಿರಲಿಲ್ಲ. ಡಾಕ್ಟರಮ್ಮ ತಮ್ಮನನ್ನು ಕರೆಸಿ ಮುಂಗೈಯ ಸ್ನಾಯುಗಳಿಗೆ ಸಪೂರ ಸೂಜಿ ಚುಚ್ಚಿ ನೋಡಿದರು. ಆ ಸೂಜಿಗೆ ಒಂದು ಯಂತ್ರ ಜೋಡಿಸಿರುತ್ತದೆ. ನರ ಹರಿದಿದ್ದರೂ ಸ್ನಾಯು ಬದುಕಿರುವ ತನಕ ಯಂತ್ರದಿಂದ ಚಟಪಟ ಸದ್ದು ಬರುತ್ತದೆ. ಹಿಂದಿನ ಸಲ ಚುಚ್ಚಿದಾಗ ತಗಡಿನ ಮಾಡಿನ ಮೇಲೆ ಮಳೆ ಬಿದ್ದ ಹಾಗೆ ಬಂದಿತ್ತು. ಈ ಸಲ ಡಾಕ್ಟರಮ್ಮ ಒಂದು ಕಡೆ ಚುಚ್ಚಿದರು, ಸದ್ದಿಲ್ಲ. ಸ್ವಲ್ಪ ಕೆಳಗೆ ಚುಚ್ಚಿದರು, ಸದ್ದಿಲ್ಲ. ಹೆಬ್ಬೆರಳ ಬುಡದಲ್ಲಿ ಚುಚ್ಚಿದರು.

"ಮಿಷನ್ ಆನ್ ಉಂಟಲ್ವಾ?" ಎಂದು ತಮ್ಮ ಕೇಳಿದ.

"ಉಂಟು," ಎಂದರು ಡಾಕ್ಟರಮ್ಮ.

ಹೊರಗೆ ಬಂದ ಮೇಲೆ ಅವನಿಗೆ ನಾನೇ ಹೇಳಬೇಕಾಯಿತು. ಇನ್ನು ನಿನ್ನನ್ನು ಅದಕ್ಕೆ ತೆಗೆದುಕೊಳ್ಳುವುದಿಲ್ಲ, ಈಗ ಕೋಶ ಹಾಕಿ ನರ ಬೆಳೆದರೂ ಕೆಳಗೆ ಸ್ನಾಯು ಇಲ್ಲ ಎಂದೆ. ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ಜೇಬಿಗೆ ತುರುಕಿ, ಮಣಿಪಾಲದ ಆ ಏರು ರಸ್ತೆಯಲ್ಲಿ ನನಗಿಂತ ಮುಂದೆ ನಡೆದ. ನನಗೆ ಅದನ್ನು ನೋಡಿ ತಡೆಯಲಿಕ್ಕಾಗಲಿಲ್ಲ. "ನೋಡು, ಇದೆಲ್ಲ ಪ್ರಯೋಗ. ಇಲಿಗೆ ಆಗಿದೆ ಅಂತ ಮನುಷ್ಯರಿಗೆ ಆಗ್ಬೇಕು ಅಂತ ಇಲ್ಲ. ಸಮಯಕ್ಕೆ ಸಿಕ್ಕಿದ್ರೂ ಏನೂ ಆಗ್ತಿರ್ಲಿಲ್ಲವೋ ಏನೋ. ಮತ್ತೊಂದು ಆಪರೇಷನ್, ಮತ್ತೊಂದು ನೋವು, ಅಷ್ಟೇ ಇತ್ತೋ ಏನೋ," ಎಂದೆ.

"ಹೌದಲ್ವಾ," ಎಂದ ಅವನು. ಮುಖ ಸ್ವಲ್ಪ ಹಗುರವಾಯಿತು. "ಆಗದ ವಸ್ತುವಿಗೆ ಕಾದದ್ದು ಅಂತ ಆಯ್ತು."

ಅಂದಿನಿಂದ ನಾವು ಮೂವರೂ ಅದೇ ಮಾತನ್ನು ಹಿಡಿದುಕೊಂಡು ಬದುಕಿದೆವು. ನೆಂಟರು ಕೇಳಿದರೆ ಅಮ್ಮ, "ಅದು ಇನ್ನೂ ಸರಿಯಾದ ಮದ್ದು ಅಲ್ಲವಂತೆ, ಇಲಿಗಳಿಗೆ ಮಾತ್ರವಂತೆ," ಎನ್ನುವಳು. ನಾನೂ ಅದನ್ನು ಎಷ್ಟು ಸಲ ಹೇಳಿದೆನೆಂದರೆ ನಂಬತೊಡಗಿದೆ. ಅದನ್ನು ನಂಬುತ್ತಲೇ ಬೆಳಿಗ್ಗೆ ಎದ್ದು ಅದೇ ಕೋಶಗಳಿಗೆ ಆಹಾರ ಬದಲಿಸಲು ಹೋಗುತ್ತಿದ್ದೆ. ಇಂಥ ಎರಡು ಮನಸ್ಸಿನಲ್ಲಿ ಕೆಲಸ ಮಾಡಬಹುದು, ಮಾಡಿದ್ದೇನೆ, ಸಂಬಳವೂ ಬರುತ್ತದೆ.

ಎರಡನೇ ಬ್ಯಾಚು ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು. ಮುಖ್ಯಸ್ಥರು ಮೀಟಿಂಗಿನಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಡೆ ನೋಡಿದ ಇಬ್ಬರು ಮಾತ್ರ ತಟ್ಟುವುದನ್ನು ಸ್ವಲ್ಪ ನಿಧಾನ ಮಾಡಿದರು. ಆ ದಯೆ ನನಗೆ ಬೇಡವಾಗಿತ್ತು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ಮೊದಲು ಅದನ್ನು ಹಾಕಿಸಿಕೊಂಡವನು ಕಾರ್ಕಳದ ಹತ್ತಿರದ ಕಲ್ಲಿನ ಕ್ವಾರಿಯ ಕೆಲಸಗಾರ. ಕಲ್ಲು ಕೊಯ್ಯುವ ಸರಿಗೆ ಹರಿದು ಬಂದು ಅವನ ಬಲ ತೋಳಿಗೆ ಬಡಿದಿತ್ತು. ಗಾಯ ಹೊಸದು, ಸ್ನಾಯು ಗಟ್ಟಿ. ನಾನು ಅವನನ್ನು ಆಪರೇಷನ್ನಿನ ದಿನ ನೋಡಲಿಲ್ಲ. ನನ್ನ ಕೆಲಸ ಕೋಶಗಳನ್ನು ತೊಳೆದು, ಎಣಿಸಿ, ಪೆಟ್ಟಿಗೆಯಲ್ಲಿಟ್ಟು ಕಳುಹಿಸುವುದು. ಆ ದಿನವೂ ಅದನ್ನೇ ಮಾಡಿದೆ.

ಅವನನ್ನು ನೋಡಿದ್ದು ತಿಂಗಳುಗಳ ಮೇಲೆ, ಆಸ್ಪತ್ರೆಯ ವ್ಯಾಯಾಮ ಮಾಡಿಸುವ ಕೋಣೆಯ ಹೊರಗೆ. ತಮ್ಮನ ಭುಜ ಜಗ್ಗಿಹೋಗದ ಹಾಗೆ ಅಲ್ಲಿ ವ್ಯಾಯಾಮ ಮಾಡಿಸುತ್ತಾರೆ, ನಾನು ರಜೆಯಿದ್ದರೆ ಜೊತೆಗೆ ಹೋಗುತ್ತೇನೆ. ಬೆಂಚಿನಲ್ಲಿ ಪಕ್ಕ ಕೂತವರ ಹತ್ತಿರ ತಮ್ಮ ಸುಮ್ಮನಿರುವ ಜಾತಿಯಲ್ಲ. ಎಲ್ಲಿಂದ, ಎಂತ ಆದದ್ದು, ಯಾವ ಬಸ್ಸಿಗೆ ಬಂದದ್ದು ಎಂದು ಶುರುಮಾಡಿದ. ಆ ಮನುಷ್ಯ ತೋಳಿನ ಗಾಯದ ಗೆರೆ ತೋರಿಸಿ, ಒಳಗೆ ಕೊಳವೆಯಲ್ಲಿ ಏನೋ ಜೀವ ಇರುವ ಮದ್ದು ಹಾಕಿದ್ದಾರೆ ಎಂದ. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಎದ್ದೇಳಲಿಲ್ಲ.

"ಏನಾದ್ರೂ ಬಂದಿದೆಯಾ?" ಎಂದು ತಮ್ಮ ಕೇಳಿದ.

"ಮೊನ್ನೆಯಿಂದ ಸ್ವಲ್ಪ. ನೋಡಿ," ಎಂದು ಅವನು ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟ. ಉಸಿರು ಬಿಗಿಹಿಡಿದು ಅದನ್ನೇ ದಿಟ್ಟಿಸಿದ. ಹೆಬ್ಬೆರಳು ಒಳಕ್ಕೆ ಸ್ವಲ್ಪ ಬಾಗಿತು, ಮತ್ತೆ ಬಿಟ್ಟುಕೊಂಡಿತು.

"ಇನ್ನೊಮ್ಮೆ ಮಾಡಿ," ಎಂದ ತಮ್ಮ.

ಅವನು ಇನ್ನೊಮ್ಮೆ ಮಾಡಿದ. ತಮ್ಮ ಎಡಗೈಯಿಂದ ಆ ಹೆಬ್ಬೆರಳನ್ನು ಮುಟ್ಟಿ ನೋಡಿ, "ಬಿಸಿ ಉಂಟು ಮಾರಾಯ, ಇದು ಬರ್ತದೆ," ಎಂದ. ನಿಜವಾದ ಸಂತೋಷದಿಂದ ಹೇಳಿದ. ನನ್ನ ತಮ್ಮ ಅಂಥವನು.

ನಾನು ಅಂಥವಳಲ್ಲ. ಆ ಬೆರಳು ಅಲ್ಲಾಡಬಾರದಿತ್ತು ಎಂದು ನನಗನಿಸಿತು. ಇಷ್ಟು ವರ್ಷ ಯಾವುದಕ್ಕಾಗಿ ದುಡಿದೆನೋ ಅದು ಕಣ್ಣೆದುರು ಆಗುತ್ತಿತ್ತು, ನಾನು ಮಾತ್ರ ಒಬ್ಬ ಬಡವನ ಹೆಬ್ಬೆರಳು ಸತ್ತೇ ಇರಲಿ ಎಂದು ಹಾರೈಸುತ್ತ ಕೂತಿದ್ದೆ. ನಾಚಿಕೆಯಾಗಲಿಲ್ಲ. ನಾಚಿಕೆಗೆ ಜಾಗವೇ ಇರಲಿಲ್ಲ, ಅಷ್ಟು ಹೊಟ್ಟೆ ಉರಿಯಿತು.

ವಾಪಸು ಬರುವಾಗ ಕಾರ್ಕಳದ ಬಸ್ಸಿನಲ್ಲಿ ಸೀಟು ಸಿಕ್ಕಿತು; ತಮ್ಮನಿಗೆ ಮಧ್ಯಾಹ್ನದ ಮೇಲೆ ಅಲ್ಲಿ ಕೆಲಸವಿತ್ತು. ತಮ್ಮ ಕಿಟಕಿಯ ಪಕ್ಕ ಕೂತ. ಕಂಡಕ್ಟರ್ ಹುಡುಗ ಬಾಗಿಲಲ್ಲಿ ನೇತಾಡುತ್ತ ಊರುಗಳ ಹೆಸರು ಕೂಗುತ್ತಿದ್ದ. ಪರ್ಕಳ ಹತ್ತಿರವಾದಾಗ ತಮ್ಮ ಹೊರಗೆ ನೋಡಿಕೊಂಡೇ ಕೇಳಿದ.

"ಅವನಿಗೆ ಹಾಕಿದ್ದು ನಿಮ್ಮದೇ ಅಲ್ವಾ?"

"ಹೌದು."

"ಹಾಗಾದ್ರೆ ನಂದೂ ಆಗ್ತಿತ್ತು."

ಒಬ್ಬನ ಹೆಬ್ಬೆರಳಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ಹೇಳಬಹುದಿತ್ತು. ಮೀಟಿಂಗಿನಲ್ಲಾಗಿದ್ದರೆ ಮೊದಲು ಹಾಗೆ ಹೇಳುವವಳು ನಾನೇ. ಒಬ್ಬೊಬ್ಬರ ದೇಹ ಒಂದೊಂದು ರೀತಿ, ಗಾಯ ಬೇರೆ, ಜಾಗ ಬೇರೆ, ಇನ್ನೂ ಹಲವರಿಗೆ ಹಾಕಿ ನೋಡಬೇಕು. ಎಲ್ಲವೂ ನಿಜ. ತಮ್ಮ ಈಗ ನನ್ನ ಮುಖ ನೋಡುತ್ತಿದ್ದ. ಕಾಪುವಿನ ಮನೆಯಲ್ಲಿ ನಾವು ಮೂವರೂ ಹಿಡಿದುಕೊಂಡಿದ್ದ ಆ ಒಂದು ಮಾತನ್ನು ನಾನು ಇನ್ನೊಮ್ಮೆ ಹೇಳುತ್ತೇನೋ ಎಂದು ಕಾಯುತ್ತಿದ್ದ ಹಾಗೆ ಇತ್ತು.

"ಆಗ್ತಿತ್ತು," ಎಂದೆ.